ಎಂಜಿನ್ ಆಫ್ ಮಾಡಿದ್ರೆ ಹಡಗು ಯಾಕೋ ನಿಲ್ತು?

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಒಂದು ಕಂಪ್ಯೂಟರ್ ಆಟದಲ್ಲಿರೋ ನನ್ನ ಹಡಗು. ಎಂಜಿನ್ ಆಫ್ ಮಾಡ್ತೀನಿ, ಕೆಳಗಿರೋ ವೇಗದ ಅಂಕಿ ಮೇಲೆ ಕಣ್ಣಿಡಿ. ಇಳೀತಾ ಇದೆ... ಇನ್ನೂ ಇಳೀತಾ ಇದೆ... ಸೊನ್ನೆ. ಹಡಗು ನಿಂತೇಬಿಡ್ತು.

ಹೋದ ತಿಂಗಳು ಅಪ್ಪ ಕಾಫಿ ಲೋಟ ಹಿಡ್ಕೊಂಡು ನನ್ನ ರೂಮಿಗೆ ಬಂದೋರು ಇದನ್ನೇ ನೋಡ್ತಾ ನಿಂತ್ಬಿಟ್ರು. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. "ಇದು ಬಾಹ್ಯಾಕಾಶ ತಾನೇ? ಎಂಜಿನ್ ಆಫ್ ಮಾಡಿದ್ರೆ ಹಡಗು ಯಾಕೋ ನಿಲ್ತು?" ಅಂದ್ರು.

ನನಗೆ ಖುಷಿ ಆಗೋಯ್ತು. ಈ ಆಟ ಆಡೋರು ವರ್ಷಗಟ್ಟಲೆ ನಗ್ತಾ ಇರೋದೇ ಈ ಪ್ರಶ್ನೆ ಇಟ್ಕೊಂಡು! ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರೋ ಸಿಸಿಪಿ ಕಂಪನಿ 2003ರ ಮೇನಲ್ಲಿ ಬಿಟ್ಟಿದ್ದು. ಇದರಲ್ಲಿ ಹಡಗುಗಳು ನೀರೊಳಗೆ ಓಡಾಡೋ ಥರ ಓಡಾಡ್ತವೆ. ತಳ್ಳೋದು ನಿಲ್ಲಿಸಿದ್ರೆ ನಿಂತ್ಕೊಳ್ತವೆ. ಅದಕ್ಕೇ ನಮ್ಮೋರು ಇವನ್ನ ಬಾಹ್ಯಾಕಾಶದ ಸಬ್‌ಮರೀನ್ ಅಂತಾರೆ.

ನಿಜವಾದ ಬಾಹ್ಯಾಕಾಶದಲ್ಲಿ ಹೇಗೆ ಅಂತ ಅಪ್ಪನೇ ಹೇಳಿದ್ರು. 2023ರ ಆಗಸ್ಟ್ 23ರ ಸಂಜೆ ಮನೆಯವರನ್ನೆಲ್ಲ ಟಿವಿ ಮುಂದೆ ಕೂರಿಸಿದ್ದರು ಅವರು. ಚಂದ್ರನ ಮೇಲೆ ಇಳೀಬೇಕಿದ್ದ ವಿಕ್ರಮ್ ಲ್ಯಾಂಡರ್ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ವೇಗದಲ್ಲಿ ಹೋಗ್ತಿತ್ತು. ಅಲ್ಲಿ ಗಾಳಿ ಇಲ್ಲ, ತಡೆಯೋರಿಲ್ಲ. ಎಂಜಿನ್ನನ್ನ ಹೋಗೋ ದಿಕ್ಕಿಗೆ ಎದುರಾಗಿ ಉರಿಸಿ ಉರಿಸಿಯೇ ಆ ವೇಗ ಇಳಿಸಬೇಕಿತ್ತು. ಬೆಂಗಳೂರಿನ ಕಂಟ್ರೋಲ್ ರೂಮಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರಲ್ಲ, ಆ ಕೊನೆಯ ನಿಮಿಷಗಳು. ಆ ಕಷ್ಟ ನನ್ನ ಹಡಗಿಗೆ ಇಲ್ಲವೇ ಇಲ್ಲ.

ಇನ್ನು ಶಬ್ದ. ಗಾಳಿ ಇಲ್ಲದ ಕಡೆ ಗುಂಡಿನ ಸದ್ದು ಹೇಗೆ ಕೇಳುತ್ತೆ? ಇದಕ್ಕೆ ಆಟದ ಕಥೆಯಲ್ಲೇ ಉತ್ತರ ಇದೆ. ಪೈಲಟ್ ದ್ರವ ತುಂಬಿದ ಒಂದು ಗೂಡಿನೊಳಗೆ ಇರ್ತಾನೆ, ಹಡಗಿನ ಕಂಪ್ಯೂಟರ್ ಅವನಿಗೋಸ್ಕರ ಸದ್ದು ಹುಟ್ಟಿಸುತ್ತೆ. ನನಗಂತೂ ಈ ಉತ್ತರ ತುಂಬಾ ಇಷ್ಟ.

ಆದ್ರೆ ಅಪ್ಪನ ಹತ್ರ ನಾನು ಹೇಳಿದ್ದು ಬೇರೆ. ಈ ಆಟದಲ್ಲಿ ನಿಜ ಇರೋದು ಹಡಗಲ್ಲಿ ಅಲ್ಲಪ್ಪಾ, ಜನರಲ್ಲಿ. ಎಲ್ಲರೂ ಹೆಚ್ಚುಕಡಿಮೆ ಒಂದೇ ಸರ್ವರ್‌ನಲ್ಲಿ, ಒಂದೇ ಬ್ರಹ್ಮಾಂಡದಲ್ಲಿ ಇರ್ತಾರೆ. ಹಡಗು ಕಟ್ಟೋರೂ ಆಟಗಾರರೇ, ಮಾರೋರೂ ಅವರೇ, ಒಡೆಯೋರೂ ಅವರೇ. ಒಡೆದರೆ ಹೋಯ್ತು, ವಾಪಸ್ ಬರಲ್ಲ. ಲಾಭ ನಷ್ಟ ಲೆಕ್ಕ ಹಾಕೋಕೆ ಎಕ್ಸೆಲ್ ಬೇಕೇ ಬೇಕು. 2022ರ ಫ್ಯಾನ್‌ಫೆಸ್ಟ್‌ನಲ್ಲಿ, ಅಂದ್ರೆ ಈ ಆಟದ ಅಭಿಮಾನಿಗಳ ಸಮಾವೇಶದಲ್ಲಿ, ಆಟಕ್ಕೂ ಎಕ್ಸೆಲ್‌ಗೂ ನೇರ ಸಂಪರ್ಕ ಕೊಡ್ತೀವಿ ಅಂತ ಕಂಪನಿ ಅಂದಾಗ ಸೇರಿದ್ದ ಜನ ಹೋ ಅಂತ ಚಪ್ಪಾಳೆ ತಟ್ಟಿದ್ರು. ಯುದ್ಧದ ಆಟದಲ್ಲಿ ಲೆಕ್ಕದ ಹಾಳೆಗೆ ಚಪ್ಪಾಳೆ!

ಆಮೇಲೆ ಬಿ-ಆರ್ ಯುದ್ಧದ ಕಥೆ ಹೇಳಿದೆ. 2014ರ ಜನವರಿ 27. ಆಟದೊಳಗಿನ ಬಿ-ಆರ್ ಅನ್ನೋ ನಕ್ಷತ್ರ ವ್ಯವಸ್ಥೆಯ ಒಡೆತನ ಉಳಿಸ್ಕೊಳ್ಳೋಕೆ ಕಟ್ಟಬೇಕಾದ ಬಿಲ್ ಗಡುವಿನೊಳಗೆ ಕಟ್ಟಿರಲಿಲ್ಲ. ಅಷ್ಟೇ. ಶತ್ರುಗಳು ನುಗ್ಗಿದ್ರು. ಸುಮಾರು 21 ಗಂಟೆ ಹೊಡೆದಾಟ, ಏಳು ಸಾವಿರಕ್ಕೂ ಹೆಚ್ಚು ಜನ. ತಿಂಗಳುಗಟ್ಟಲೆ ಕೂಡಿಟ್ಟು ಕಟ್ಟೋ ಟೈಟನ್ ಹಡಗುಗಳು 75 ಉರಿದುಹೋದ್ವು. ಇಷ್ಟು ಜನ ಸೇರಿದ್ರೆ ಸರ್ವರ್ ಆಟದೊಳಗಿನ ಸಮಯದ ವೇಗವನ್ನೇ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸುತ್ತೆ. ಅಂಥ ಜಗಳಗಳಲ್ಲಿ ನಾನೂ ಇದ್ದೀನಿ. ಫಿರಂಗಿ ಒತ್ತಿ, ಅನ್ನಕ್ಕಿಟ್ಟು ಬಂದು ನೋಡಿದ್ರೂ ಗುರಿಯಿಟ್ಟ ಹಡಗು ಇನ್ನೂ ಅಲ್ಲೇ ಇರುತ್ತೆ.

ಅಪ್ಪ ಅಷ್ಟೂ ಕೇಳಿ, "ಬಿಲ್ ಕಟ್ಟದೆ ಯುದ್ಧವಾ? ಹಾಗಿದ್ರೆ ಇದು ನಿಜವೇ ಬಿಡು" ಅಂದ್ರು.

ಈ ಸ್ಕ್ರೀನ್‌ಶಾಟ್ ನೋಡಿ. ನಾನು ಹೊಸದಾಗಿ ಸೇರಿದ ಕಾಲದ್ದು. ಕಷ್ಟಪಟ್ಟು ಕೊಂಡಿದ್ದ ಹಡಗನ್ನ ಯಾರೋ ಒಬ್ಬ ಎರಡೇ ನಿಮಿಷದಲ್ಲಿ ಒಡೆದ. ನನ್ನ ಪಾತ್ರದ ಹೆಣಾನೂ ಎತ್ಕೊಂಡು ಹೋದ. ಹೌದು, ಹೆಪ್ಪುಗಟ್ಟಿದ ಹೆಣಗಳನ್ನ ಸಂಗ್ರಹಿಸೋರು ಇಲ್ಲಿದ್ದಾರೆ, ಕೆಲವರ ಹತ್ರ ಗೋದಾಮು ತುಂಬ ಇವೆ. ನನಗೆ ಅಳುವೇ ಬಂದಿತ್ತು. ಅಷ್ಟರಲ್ಲಿ ಚಾಟ್‌ನಲ್ಲಿ ಅವನಿಂದಲೇ ಒಂದು ಗುರುತು ಬಂತು: ಇಂಗ್ಲಿಷಿನ ಸಣ್ಣ ಓ, ಪಕ್ಕದಲ್ಲಿ 7. ಓ ಅಂದ್ರೆ ತಲೆ, 7 ಅಂದ್ರೆ ಸೆಲ್ಯೂಟ್ ಹೊಡೀತಿರೋ ಕೈ. ಅದರ ಹಿಂದೆಯೇ ಹೊಸ ಹಡಗು ತಗೊಳ್ಳೋಷ್ಟು ಆಟದ ದುಡ್ಡು ಕಳಿಸಿದ, ಯಾವ ದಾರಿಯಲ್ಲಿ ಹೋಗಬಾರದು ಅಂತ ಹೇಳಿಕೊಟ್ಟ. ಆವತ್ತು ನಾನು ಆಟ ಬಿಡಲಿಲ್ಲ ಅಂದ್ರೆ ಅವನಿಂದಲೇ.

ಬಿ-ಆರ್‌ನಲ್ಲಿ ಸತ್ತ ಟೈಟನ್‌ಗಳ ಅವಶೇಷವನ್ನ ಕಂಪನಿ ಸ್ಮಾರಕವಾಗಿ ಅಲ್ಲೇ ಇಟ್ಟಿದೆ. ಮುಂದಿನ ಭಾನುವಾರ ಅಲ್ಲಿಗೆ ಹೋಗ್ತೀನಿ, ಅಪ್ಪನೂ ಪಕ್ಕದಲ್ಲಿ ಕೂರ್ತೀನಿ ಅಂದಿದ್ದಾರೆ. ಈಗ ಗಂಟೆ ನಾಲ್ಕೂವರೆ ಆಗ್ತಾ ಬಂತು. ಆಟದ ಗಡಿಯಾರದಲ್ಲಿ ಹನ್ನೊಂದು, ಸರ್ವರ್ ದಿನಕ್ಕೊಮ್ಮೆ ಬಂದ್ ಆಗೋ ಹೊತ್ತು. ಅಪ್ಪನ ಕಾಫಿಯೂ ಇದೇ ಹೊತ್ತಿಗೆ. ಚಾಟ್ ತುಂಬ ಸೆಲ್ಯೂಟ್ ಬೀಳ್ತಿವೆ, ನಾನೂ ಒಂದು ಹಾಕಿ ಬರ್ತೀನಿ.