ಆ ಮೀನು ಎಲ್ಲಿತ್ತು, ಏನು ತಿಂದಿತ್ತು?

ಸಭೆಗೆ ನಮಸ್ಕಾರ. ಇಲ್ಲಿ ಕೂತವರಿಗೆ ಆಹಾರ ಸರಪಳಿಯ ಪಾಠ ಬೇಕಾಗಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕವನ್ನು ಬೂತಾಯಿ ತಿನ್ನುತ್ತದೆ, ಬೂತಾಯಿಯನ್ನು ದೊಡ್ಡ ಮೀನಾದ ಅಂಜಲ್ ತಿನ್ನುತ್ತದೆ, ಮೆಟ್ಟಿಲು ಏರಿದ ಹಾಗೆ ಪಾದರಸವೂ ಏರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನನ್ನ ತಕರಾರು ಬೇರೆ. ಮೀನಿನಲ್ಲಿ ಪಾದರಸ ಇಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಪಾಲು, ಅಂತ ಒಂದು ಅಂಕಿ ಹೊರಗೆ ಬರುತ್ತದೆ. ಅದರ ಜತೆ ಮೀನಿನ ಉದ್ದ ಇರುವುದಿಲ್ಲ, ಹಿಡಿದ ಜಾಗ ಇರುವುದಿಲ್ಲ, ಎಷ್ಟು ಆಳದಲ್ಲಿ ಮೇಯುವ ಜಾತಿ ಅನ್ನುವುದೂ ಇರುವುದಿಲ್ಲ. ಆ ಮೀನು ಎಲ್ಲಿತ್ತು, ಏನು ತಿಂದಿತ್ತು, ಎಷ್ಟು ವರ್ಷ ಬದುಕಿತ್ತು? ಈ ಮೂರು ತಿಳಿಯದೆ ಅಂಕಿಯನ್ನು ಓದಲು ಬರುವುದಿಲ್ಲ. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇದಕ್ಕೆ ಶಾಂತಸಾಗರದ ಬ್ಲೂಫಿನ್ ಟ್ಯೂನಾಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದು ಹುಟ್ಟುವುದು ಜಪಾನಿನ ಸುತ್ತಮುತ್ತಲ ಕಡಲಿನಲ್ಲಿ. ಮರಿಗಳಲ್ಲಿ ಒಂದು ಪಾಲು ಒಂದೆರಡು ವರ್ಷ ತುಂಬುವುದರೊಳಗೆ ಇಡೀ ಸಾಗರ ದಾಟಿ ಕ್ಯಾಲಿಫೋರ್ನಿಯಾ ಕಡೆ ಮೇಯಲು ಹೋಗುತ್ತದೆ. ಬಲಿತ ಮೇಲೆ ಮೊಟ್ಟೆ ಇಡಲು ವಾಪಸು ಬರಬೇಕು. 2011ರ ಮಾರ್ಚ್ 11ರ ಭೂಕಂಪ, ಸುನಾಮಿ, ಆಮೇಲೆ ಫುಕುಶಿಮಾ ಅಣುಸ್ಥಾವರದಿಂದ ಕಡಲಿಗೆ ಹರಿದ ವಿಕಿರಣಶೀಲ ಸೀಸಿಯಂ, ಇದೆಲ್ಲ ನಿಮಗೆ ನೆನಪಿರಬಹುದು. ಅದೇ ವರ್ಷದ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಬಳಿ ಹಿಡಿದ 15 ಬ್ಲೂಫಿನ್‌ಗಳ ಮಾಂಸವನ್ನು ಅಳೆದರು. ಹದಿನೈದರಲ್ಲೂ ಸೀಸಿಯಂ-134 ಇತ್ತು. ಒಣ ತೂಕದ ಕಿಲೋಗೆ ಸರಾಸರಿ 4 ಬೆಕ್ವೆರೆಲ್ (ಇದು ವಿಕಿರಣದ ಅಳತೆ). ಸೀಸಿಯಂ-137 ಸುಮಾರು 6.3.

ಇದು ಫುಕುಶಿಮಾದ್ದೇ ಅಂತ ಹೇಗೆ ಹೇಳುತ್ತೀರಿ? ತರ್ಕ ಬಹಳ ಚೆನ್ನಾಗಿದೆ, ನಿಧಾನವಾಗಿ ಕೇಳಿ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, 30 ವರ್ಷ. ಐವತ್ತು ಅರವತ್ತರ ದಶಕದ ಬಾಂಬ್ ಪರೀಕ್ಷೆಗಳ ಪಳೆಯುಳಿಕೆ ಈಗಲೂ ಎಲ್ಲ ಕಡಲಿನಲ್ಲೂ ಇದೆ. 2008ರ ಬ್ಲೂಫಿನ್ ಮಾಂಸದಲ್ಲೂ ಕಿಲೋಗೆ 1.4ರಷ್ಟು ಇತ್ತು. ಸೀಸಿಯಂ-134ರ ಅರ್ಧಾಯುಷ್ಯ ಎರಡೇ ವರ್ಷ. ಹಳೆಯದು ಯಾವತ್ತೋ ಮುಗಿದಿದೆ, ಈಗ ಕಂಡರೆ ಅದು ಹೊಸದೇ. ಹಾಗಾದರೆ ನೀರಿನ ಜತೆ ತೇಲಿ ಬಂತೇ? ಇಲ್ಲ, ಕಲುಷಿತ ನೀರು ಅಮೆರಿಕದ ಕರಾವಳಿ ಮುಟ್ಟಲು ಇನ್ನೂ ವರ್ಷಗಳು ಬೇಕಿದ್ದವು. ಅದಕ್ಕೂ ಪುರಾವೆ ಇತ್ತು. ಯೆಲ್ಲೋಫಿನ್ ಟ್ಯೂನಾ ಆ ದಡ ಬಿಟ್ಟು ಜಪಾನಿಗೆ ಹೋಗಿಬರುವ ಮೀನಲ್ಲ. ಅದರ ಮಾಂಸದಲ್ಲಿ ಸೀಸಿಯಂ-134 ಸಿಗಲಿಲ್ಲ. ಅಂದರೆ ಬ್ಲೂಫಿನ್ ಮರಿ ಜಪಾನಿನ ಕಡಲಿನಲ್ಲಿ ಮೇಯ್ದು, ಮೇಯ್ದದ್ದನ್ನು ತನ್ನ ಸ್ನಾಯುವಿನಲ್ಲೇ ಹೊತ್ತು, ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ಈಜಿ ಬಂದಿತ್ತು. ಒಂದೇ ಕಡಲು, ಎರಡೂ ಟ್ಯೂನಾ. ಎಲ್ಲಿತ್ತು ಅನ್ನುವ ಒಂದು ಪ್ರಶ್ನೆ ಅಂಕಿಯನ್ನೇ ಬದಲಿಸಿತು.

ಹೆದರುವವರಿಗೆ ಇನ್ನೊಂದು ಮಾತು. ಅದೇ ಮಾಂಸದಲ್ಲಿ ನಿಸರ್ಗದತ್ತವಾದ, ಅದೂ ವಿಕಿರಣಶೀಲವೇ ಆದ ಪೊಟ್ಯಾಸಿಯಂ-40 ಕಿಲೋಗೆ ಸುಮಾರು 350 ಬೆಕ್ವೆರೆಲ್ ಇತ್ತು. ಟ್ಯೂನಾ ಅನ್ನುವುದು ಇದ್ದಾಗಿನಿಂದ ಅದು ಅದರ ಮಾಂಸದಲ್ಲಿದೆ.

ಸೀಸಿಯಂ ಪೊಟ್ಯಾಸಿಯಂನ ದಾರಿಯಲ್ಲೇ ಸ್ನಾಯುವಿಗೆ ಹೋಗುತ್ತದೆ, ಹಾಗೇ ದಿನಕ್ಕೆ ಸುಮಾರು ಶೇ 2ರಂತೆ ಹೊರಗೂ ಹೋಗುತ್ತದೆ. ಮರಿ ಬೆಳೆದಂತೆ ಇನ್ನಷ್ಟು ತೆಳುವಾಗುತ್ತದೆ. ಪಾದರಸ ಹಾಗಲ್ಲ. ಮೀನಿನೊಳಗೆ ಸೇರುವ ಅದರ ರೂಪವಾದ ಮೀಥೈಲ್ ಪಾದರಸ ಮಾಂಸದ ಪ್ರೋಟೀನಿನ ಗಂಧಕಕ್ಕೆ ಅಂಟಿ ಕೂತುಬಿಡುತ್ತದೆ. ಬಿಡುವುದು ತೀರ ನಿಧಾನ, ಸೇರುವುದು ಪ್ರತಿ ತುತ್ತಿನಲ್ಲೂ. ಆದ್ದರಿಂದಲೇ ವಯಸ್ಸು ಮುಖ್ಯ. ಚರ್ಮ ಸುಲಿದರೆ, ಕೊಬ್ಬು ತೆಗೆದರೆ, ಹುಳಿ ಹಾಕಿ ಕುದಿಸಿದರೆ ಹೋಗುವುದಿಲ್ಲ. ಹುರಿದರೆ ನೀರು ಆರಿ, ಗ್ರಾಂ ಲೆಕ್ಕದಲ್ಲಿ ಸ್ವಲ್ಪ ಹೆಚ್ಚೇ ಕಾಣುತ್ತದೆ.

ಎಷ್ಟು ಆಳದಲ್ಲಿ ಮೇಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಅಮೆರಿಕದ ಆಹಾರ ಇಲಾಖೆಯ ಸರಾಸರಿಗಳಲ್ಲಿ ಯೆಲ್ಲೋಫಿನ್ 0.354 ಪಿಪಿಎಂ, ಬಿಗ್‌ಐ ಟ್ಯೂನಾ 0.689. ಗಾತ್ರದ ವ್ಯತ್ಯಾಸವೂ ಇದೆ, ಆದರೆ ಅದೊಂದೇ ಅಲ್ಲ. ಬಿಗ್‌ಐ ಹಗಲು ಹೊತ್ತು 400–500 ಮೀಟರ್ ಇಳಿದು ಅಲ್ಲಿನ ಬೊಂಡಾಸ್ (ಸ್ಕ್ವಿಡ್), ಆಳದ ಮೀನು ತಿನ್ನುತ್ತದೆ. ಪಾದರಸ ಮೀಥೈಲ್ ರೂಪಕ್ಕೆ ತಿರುಗುವುದು ಹೆಚ್ಚಾಗಿ ಮೇಲ್ಪದರದ ಕೆಳಗಿನ, ಆಮ್ಲಜನಕ ಕಡಿಮೆಯಾದ ನೀರಿನಲ್ಲಿ. ಅದೇ ಪಟ್ಟಿಯಲ್ಲಿ ಸಾರ್ಡಿನ್, ಅಂದರೆ ನಮ್ಮ ಬೂತಾಯಿಯ ಬಳಗ, 0.013. ಬೂತಾಯಿ ತಿನ್ನುವವರು ಇದನ್ನು ನೆಮ್ಮದಿಯಿಂದ ಕೇಳಿಸಿಕೊಳ್ಳಿ.

ಏನು ತಿಂದಿತ್ತು ಅಂತ ತಿಳಿಯುವುದು ಹೇಗೆ? ಹೊಟ್ಟೆ ಸೀಳಿ ನೋಡುವುದು ಹಳೆಯ ದಾರಿ, ಈಗಲೂ ಬೇಕು. ಆದರೆ ಗಾಳಕ್ಕೆ ಸಿಕ್ಕ ಮೀನು ಹಲವು ಸಲ ಕಾರಿಕೊಂಡಿರುತ್ತದೆ, ಹೊಟ್ಟೆ ಖಾಲಿ. ಇದ್ದರೂ ಬೊಂಡಾಸಿನ ಕೊಕ್ಕು ಬೇಗ ಕರಗುವುದಿಲ್ಲ, ಮೆತ್ತಗಿನ ಮೀನು ಗಂಟೆಗಳಲ್ಲಿ ಕರಗುತ್ತದೆ. ಕೊಕ್ಕು ಎಣಿಸಿ ಬೊಂಡಾಸನ್ನೇ ತಿನ್ನುತ್ತದೆ ಅಂದರೆ ತಪ್ಪಾಗುತ್ತದೆ. ಹೊಟ್ಟೆ ಹೇಳುವುದು ನಿನ್ನೆಯ ಊಟ. ತಿಂಗಳುಗಳ ಊಟ ಹೇಳುವುದು ಮಾಂಸದ ಐಸೊಟೋಪ್, ಅಂದರೆ ಒಂದೇ ಧಾತುವಿನ ಹಗುರ, ಭಾರ ರೂಪಗಳು; ನೈಟ್ರೋಜನ್-15, ಕಾರ್ಬನ್-13 ಭಾರದವು. ಆಹಾರ ಸರಪಳಿಯ ಒಂದು ಮೆಟ್ಟಿಲಿಗೆ ನೈಟ್ರೋಜನ್-15ರ ಅಳತೆ ಸಾವಿರಕ್ಕೆ ಸುಮಾರು 3.4ರಷ್ಟು ಏರುತ್ತದೆ. ಕಾರ್ಬನ್-13 ಹೆಚ್ಚು ಏರುವುದಿಲ್ಲ, ಅದು ದಡದ ಮೇವೋ ಕಡಲಾಳದ ಮೇವೋ ಅನ್ನುವುದನ್ನು ಸೂಚಿಸುತ್ತದೆ.

ಕೆಲಸ ಕೆಡುವುದು ಸಣ್ಣ ಸಂಗತಿಗಳಲ್ಲಿ. ಕೊಬ್ಬಿನಲ್ಲಿ ಕಾರ್ಬನ್-13 ಕಡಿಮೆ. ಕಾರ್ಬನ್ ನೈಟ್ರೋಜನ್ ಅನುಪಾತ 3.5 ದಾಟಿದರೆ ಕೊಬ್ಬು ಉಳಿದಿದೆ ಅಂತ ಅರ್ಥ. ಕ್ಲೋರೋಫಾರ್ಮ್ ಮೆಥನಾಲ್‌ನಲ್ಲಿ ತೆಗೆಯಿರಿ. ತೆಗೆದರೆ ನೈಟ್ರೋಜನ್ ಅಳತೆ ಸ್ವಲ್ಪ ಅಲುಗುತ್ತದೆ, ಹಾಗಾಗಿ ಒಣ ಮಾಂಸದ ಪುಡಿಯನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೇ ಇಡಿ. ತಾಟೆ, ಅಂದರೆ ಶಾರ್ಕ್ ಆದರೆ ಮಾಂಸದಲ್ಲಿ ಯೂರಿಯಾ ತುಂಬಿರುತ್ತದೆ. ಅದು ನೈಟ್ರೋಜನ್-15ನ್ನು ಇಳಿಸಿ ತೋರಿಸುತ್ತದೆ. ಅಯಾನುರಹಿತ ನೀರಿನಲ್ಲಿ ಹಲವು ಸಲ ಕುಲುಕಿ ತೊಳೆಯದಿದ್ದರೆ ದೊಡ್ಡ ಬೇಟೆಗಾರ ಕೆಳಗಿನ ಮೆಟ್ಟಿಲಿನವನಂತೆ ಕಾಣುತ್ತಾನೆ.

ನಮ್ಮ ಅರಬ್ಬಿ ಸಮುದ್ರಕ್ಕೆ ಇನ್ನೊಂದು ಎಚ್ಚರಿಕೆ. ಇಲ್ಲಿ ಸುಮಾರು 150ರಿಂದ 1000 ಮೀಟರ್ ತನಕ ಆಮ್ಲಜನಕ ತೀರ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟಿನಿಂದ ಉಸಿರಾಡುತ್ತವೆ, ಹಗುರವಾದ ನೈಟ್ರೋಜನ್ ಮೊದಲು ಖರ್ಚಾಗುತ್ತದೆ, ಉಳಿದ ನೈಟ್ರೇಟ್ ಭಾರ. ಆ ನೀರು ಮೇಲೆದ್ದಾಗ ಪ್ಲವಕವೇ ಭಾರ. ಇಲ್ಲಿನ ಮೀನನ್ನು ಬೇರೆ ಕಡಲಿನ ಮೀನಿನ ಪಕ್ಕ ಇಟ್ಟು, ನಮ್ಮದು ಒಂದು ಮೆಟ್ಟಿಲು ಮೇಲೆ ಅಂತ ಬರೆದುಬಿಡಬೇಡಿ. ಇಲ್ಲಿನ ಪ್ಲವಕವನ್ನೂ ಅಳೆದು ಅಲ್ಲಿಂದ ಎಣಿಸಬೇಕು. ಮತ್ತೆ ಅದೇ ಪ್ರಶ್ನೆ: ಎಲ್ಲಿತ್ತು?

ಒಣ ತೂಕ, ಹಸಿ ತೂಕದ ಗೊಂದಲ ಹೇಳದೆ ಮುಂದೆ ಹೋಗಲಾರೆ. ಮೀನಿನ ಮಾಂಸದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು. ಒಣ ಪುಡಿಯಲ್ಲಿ 1 ಪಿಪಿಎಂ ಬಂದರೆ ನಾವು ತಿನ್ನುವ ಹಸಿ ಮೀನಿನಲ್ಲಿ ಅದು 0.25. ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಮೀಥೈಲ್ ಪಾದರಸಕ್ಕೆ ಇಟ್ಟ ಮಿತಿ ಟ್ಯೂನಾಕ್ಕೆ 1.2 ಪಿಪಿಎಂ, ಶಾರ್ಕಿಗೆ 1.6. ಇವು ಹಸಿ ಮಾಂಸದ ಲೆಕ್ಕ. ಒಣ ಅಂಕಿಯನ್ನು ಇದರ ಪಕ್ಕ ಇಟ್ಟರೆ ಸುರಕ್ಷಿತ ಮೀನು ವಿಷವಾಗುತ್ತದೆ, ಮೀನುಗಾರನ ಹೊಟ್ಟೆಯ ಮೇಲೆ ಬೀಳುತ್ತದೆ. ದಯವಿಟ್ಟು ಪಟ್ಟಿಯ ತಲೆಬರಹದಲ್ಲೇ ಒಣ ಅಥವಾ ಹಸಿ ಅಂತ ಬರೆಯಿರಿ, ತೇವಾಂಶದ ಶೇಕಡಾವಾರನ್ನೂ ಕೊಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ. ಹಿಂದೆ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ವಿಷರಾಸಾಯನಿಕ ಪಿಸಿಬಿ ಬಗ್ಗೆ ಅರ್ಧ ಗಂಟೆ ಹೇಳಬೇಕಿತ್ತು. ಒಂದೇ ಉದಾಹರಣೆ ಸಾಕು. 2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡಕ್ಕೆ ಲುಲು ಎಂಬ ಹೆಣ್ಣು ಓರ್ಕಾ (ಕೊಲೆಗಾರ ತಿಮಿಂಗಿಲ) ಸತ್ತು ಬಂತು. ಕೊಬ್ಬಿನ ಕಿಲೋಗೆ 957 ಮಿಲಿಗ್ರಾಂ ಪಿಸಿಬಿ. ಪಿಸಿಬಿ ಮಾಂಸದಲ್ಲಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ತಾಯಿ ಓರ್ಕಾ ಹಾಲಿನ ಮೂಲಕ ಅದರ ದೊಡ್ಡ ಪಾಲನ್ನು ಮರಿಗೆ, ಅದರಲ್ಲೂ ಚೊಚ್ಚಲ ಮರಿಗೆ ದಾಟಿಸುತ್ತದೆ. ಲುಲುಗೆ ಇಪ್ಪತ್ತರ ಮೇಲೆ ವಯಸ್ಸು, ಮರಿಯೇ ಆಗಿರಲಿಲ್ಲ, ಎಲ್ಲವೂ ಅದರೊಳಗೇ ಉಳಿದಿತ್ತು. ಬ್ರಿಟನ್ನಿನಲ್ಲಿ ಪಿಸಿಬಿ ನಿಷೇಧವಾದದ್ದು 1981ರಲ್ಲಿ, ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಆದ್ದರಿಂದ ಕೊಬ್ಬಿನ ಅಂಕಿ ಕೊಡುವಾಗ ಹೆಣ್ಣೋ ಗಂಡೋ, ಮರಿ ಹಾಕಿದೆಯೋ ಇಲ್ಲವೋ ಬರೆಯದಿದ್ದರೆ ಉಪಯೋಗವಿಲ್ಲ.

ಎಲ್ಲಿತ್ತು ಅಂತ ತಿಳಿಯಲು ಮೀನಿಗೆ ಸಿಕ್ಕಿಸಿಬಿಡುವ ಉಪಗ್ರಹ ಟ್ಯಾಗ್ ಬಗ್ಗೆ ಎರಡೇ ಮಾತು. ಬೆಳಕಿನಿಂದ ಸ್ಥಳ ಲೆಕ್ಕ ಹಾಕುವ ಟ್ಯಾಗ್‌ಗಳಲ್ಲಿ ಹಗಲಿನ ಉದ್ದ ಅಕ್ಷಾಂಶ ಕೊಡುತ್ತದೆ. ಮಾರ್ಚ್, ಸೆಪ್ಟೆಂಬರಿನ ವಿಷುವದ ಆಸುಪಾಸಿನಲ್ಲಿ ಎಲ್ಲೆಡೆ ಹಗಲು ಒಂದೇ ಆಗಿರುವುದರಿಂದ ಆ ದಿನಗಳ ಅಕ್ಷಾಂಶ ನಂಬಬೇಡಿ. ಕಡಲ ಮೇಲ್ಮೈ ಉಷ್ಣತೆಯ ಜತೆ ತಾಳೆ ನೋಡಿ.

ಬಂದರಿನಲ್ಲಿ ಮಾದರಿ ತೆಗೆಯುವ ವಿದ್ಯಾರ್ಥಿಗಳು ಹಿಂದೆ ಕೂತಿದ್ದೀರಿ, ಕೊನೆಗೆ ನಿಮಗೆ. ಬೆನ್ನಿನ ಈಜುರೆಕ್ಕೆಯ ಕೆಳಗಿನ ಮಾಂಸ, ಹೊರಪದರ ಬಿಟ್ಟು ಒಳಗಿನದು, ಎಲ್ಲ ಮೀನಿಗೂ ಅದೇ ಜಾಗ. ಮೊದಲು ಉದ್ದ ಅಳೆಯಿರಿ, ಆಮೇಲೆ ಕತ್ತರಿಸಿ. ದೋಣಿಯವರನ್ನು ಕೇಳಿ, ಎಷ್ಟು ಮಾರು ಆಳ, ಯಾವ ಬಲೆ, ಎಷ್ಟು ದಿನದ ಹಿಂದೆ. ಚೀಟಿ ಪೆನ್ಸಿಲಿನಲ್ಲಿ ಬರೆದು ಚೀಲದ ಒಳಗೊಂದು, ಹೊರಗೊಂದು ಹಾಕಿ. ಪೆನ್ನಿನ ಶಾಯಿ ಐಸ್ ನೀರಿನಲ್ಲಿ ಅಳಿಸುತ್ತದೆ, ಆಮೇಲೆ ಕೈಯಲ್ಲಿ ಉಳಿಯುವುದು ಯಾವ ಮೀನಿನದೋ ಒಂದು ತುಂಡು. ಪ್ರಶ್ನೆಗಳಿದ್ದರೆ ಕೇಳಿ, ಹೊರಗೆ ಚಹಾದ ಹೊತ್ತಿನಲ್ಲೂ ಇರುತ್ತೇನೆ.