ಮಗ್ಗ ನಡೆಯುತ್ತಿರುವಾಗ ಫೋನ್‌ನಲ್ಲಿ ಮಾತಾಡಬಹುದಾ? ಬನಹಟ್ಟಿಯಲ್ಲಿ ಬ್ಲೂಟೂತ್ ಹೆಡ್‌ಸೆಟ್ ಪರೀಕ್ಷೆ

ನಮಸ್ಕಾರ. ಈಗ ನಿಮಗೆ ಕೇಳಿಸುತ್ತಿರುವುದು ಪವರ್‌ಲೂಮ್ ಸಪ್ಪಳ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ, ನಮ್ಮ ಕಾಕಾನ ಮಗ್ಗದ ಶೆಡ್ಡಿನಲ್ಲಿದ್ದೇನೆ. ವಿಡಿಯೋಗಾಗಿ ಸಪ್ಪಳವನ್ನು ಬಹಳ ಇಳಿಸಿದ್ದೇನೆ. ಇಲ್ಲಿ ನಿಂತರೆ ಪಕ್ಕದವರಿಗೂ ಕಿವಿಯ ಹತ್ತಿರ ಬಾಯಿ ಒಯ್ದು ಕೂಗಿಯೇ ಹೇಳಬೇಕು.

ರಬಕವಿ-ಬನಹಟ್ಟಿ ಅಂದರೆ ಸೀರೆ ನೇಯುವ ಊರು. ಓಣಿ ಓಣಿಯಲ್ಲೂ ಮಗ್ಗ. ಕಾಕಾನಿಗೆ ದಿನವಿಡೀ ಫೋನ್ ಬರುತ್ತಲೇ ಇರುತ್ತವೆ. ನೂಲಿನ ದರ ಎಷ್ಟಾಯಿತು, ಯಾವ ಬಣ್ಣ ಬೇಕು, ಎಷ್ಟು ಸೀರೆ, ಗಂಟು ಯಾವಾಗ ಕಳಿಸುತ್ತೀರಿ. ಆದರೆ ಎರಡೂ ಕೈ ಮಗ್ಗದ ಮೇಲೆ. ಎಳೆ ಕಡಿದರೆ ಕಟ್ಟಬೇಕು. ಅಡ್ಡ ಎಳೆ ಒಯ್ಯುವ ಲಾಳಿಯಲ್ಲಿ ಕಂಡಿಕೆ, ಅಂದರೆ ನೂಲು ಸುತ್ತಿದ ಕಡ್ಡಿ, ಖಾಲಿಯಾದರೆ ಬದಲಿಸಬೇಕು. ಫೋನ್ ಎತ್ತಬೇಕು ಅಂದರೆ ಮಗ್ಗ ನಿಲ್ಲಿಸಿ ಹೊರಗೆ ಹೋಗಬೇಕು. ಇಲ್ಲವೇ ಕರೆಂಟ್ ಹೋಗುವ ತನಕ ಕಾಯಬೇಕು. ಕರೆಂಟ್ ಹೋದ ಕೂಡಲೇ ಓಣಿ ತುಂಬಾ ಫೋನ್ ಮಾತು ಶುರುವಾಗುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ.

ಹಾಗಾಗಿ ಈ ವಿಡಿಯೋದಲ್ಲಿ ಹಾಡಿನ ಮಾತೇ ಇಲ್ಲ. ಬೇಸ್ ಹೇಗಿದೆ, ಗೇಮ್ ಆಡಬಹುದಾ ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಕೈ ಖಾಲಿ ಇಲ್ಲದವರು ಹೆಡ್‌ಸೆಟ್ ಹಾಕಿಕೊಂಡು ಮಾತಾಡಿದರೆ ಆ ಕಡೆಯವರಿಗೆ ತಿಳಿಯುತ್ತದಾ? ಅದೊಂದನ್ನೇ ನೋಡೋಣ.

ಫೋನ್ ಕರೆಗೆ ಹೆಡ್‌ಸೆಟ್ ಕೊಳ್ಳುವವರು ಅಂಗಡಿಯಲ್ಲಿ ಒಂದು ಹಾಡು ಕೇಳಿ, ಚೆನ್ನಾಗಿದೆ ಅಂತ ದುಡ್ಡು ಕೊಟ್ಟುಬಿಡುತ್ತಾರೆ. ಆದರೆ ನಮ್ಮ ಮೈಕ್ ಹೇಗಿದೆ ಅಂತ ನಮಗೆ ಯಾವತ್ತೂ ಕೇಳಿಸುವುದಿಲ್ಲ, ಅಲ್ವಾ? ಅದು ಗೊತ್ತಾಗುವುದು ಆ ಕಡೆ ಇರುವವರಿಗೆ ಮಾತ್ರ. ಅದಕ್ಕೇ ತೀರ್ಪು ಕೊಡುವ ಕೆಲಸವನ್ನು ವಿಜಯಪುರದಲ್ಲಿರುವ ನಮ್ಮ ಅಕ್ಕನಿಗೆ ಒಪ್ಪಿಸಿದೆ. ಅವಳು ಪೆನ್ನು ಹಾಳೆ ಹಿಡಿದು ಕೂತಳು. ಕಾಕಾ ಮಗ್ಗದ ಮುಂದೆ ನಿಂತು ಆರ್ಡರ್ ಹೇಳಿದ ಹಾಗೆಯೇ ಅಂಕಿ ಮತ್ತು ಬಣ್ಣ ಹೇಳುತ್ತಾ ಹೋದರು. ಇಪ್ಪತ್ತು ಹಸಿರು, ಎಪ್ಪತ್ತು ಕೆಂಪು, ಅರವತ್ತು ಹಳದಿ. ಇಪ್ಪತ್ತು, ಎಪ್ಪತ್ತು ಎರಡನ್ನೂ ಬೇಕಂತಲೇ ಸೇರಿಸಿದ್ದೆ. ಗದ್ದಲದಲ್ಲಿ ಈ ಎರಡು ಅದಲುಬದಲು ಆಗುವುದು ಜಾಸ್ತಿ. ವ್ಯಾಪಾರದಲ್ಲಿ ಹಾಗಾದರೆ ಐವತ್ತು ಸೀರೆಯ ವ್ಯತ್ಯಾಸ.

ಮೊದಲು ಇಯರ್‌ಬಡ್ಸ್. ಎರಡೂ ಕಿವಿಯೊಳಗೆ ಕೂರುವ ಸಣ್ಣ ಗುಂಡಿಗಳು. ಬಾಕ್ಸ್ ಮೇಲೆ ದೊಡ್ಡದಾಗಿ ಎಎನ್‌ಸಿ ಅಂತ ಬರೆದಿತ್ತು. ಹಾಕಿಕೊಂಡ ಕಾಕಾನಿಗೆ ಅಕ್ಕನ ಮಾತು ಚೆನ್ನಾಗಿ ಕೇಳಿತು. ಆದರೆ ಅಕ್ಕ ಆ ಕಡೆಯಿಂದ, "ಏನ್ ಹೇಳಾಕತ್ತೀರಿ ಕಾಕಾ, ಬರೇ ಖಟಾ ಖಟಾ ಕೇಳಾಕತ್ತೈತಿ" ಅಂದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಎಎನ್‌ಸಿ ಸಪ್ಪಳ ಕಡಿಮೆ ಮಾಡುವುದು ಹಾಕಿಕೊಂಡವರ ಕಿವಿಗೆ. ಆ ಕಡೆಯವರಿಗಾಗಿ ಇರುವುದು ಇಎನ್‌ಸಿ. ಅದು ಮೈಕ್‌ಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಎರಡು ಮೈಕ್ ಇರುತ್ತವೆ. ಎರಡಕ್ಕೂ ಬಿದ್ದ ಶಬ್ದವನ್ನು ಹೋಲಿಸಿ ಮಾತು ಯಾವುದು, ಗದ್ದಲ ಯಾವುದು ಅಂತ ಬೇರೆ ಮಾಡುತ್ತದೆ. ಫ್ಯಾನ್, ಎಂಜಿನ್‌ನಂಥ ಒಂದೇ ಸಮನೆ ಬರುವ ಶಬ್ದವನ್ನು ಇದು ಸುಲಭವಾಗಿ ತೆಗೆಯುತ್ತದೆ. ಮಗ್ಗದ್ದು ಹಾಗಲ್ಲ. ಲಾಳಿ ಆ ತುದಿಯಿಂದ ಈ ತುದಿಗೆ ಬಡಿದಾಗಲೆಲ್ಲ ಹೊಸ ಏಟು. ಆ ಏಟನ್ನು ತೆಗೆಯಲು ಹೋಗಿ ಮಾತಿನ ಅರ್ಧವನ್ನೂ ಕತ್ತರಿಸಿಬಿಡುತ್ತದೆ. ಅಕ್ಕ ಬರೆದುಕೊಂಡ ಹಾಳೆ ನೋಡಿ, ಎಪ್ಪತ್ತು ಇಪ್ಪತ್ತಾಗಿದೆ, ಹಳದಿ ಬಂದೇ ಇಲ್ಲ.

ಆಮೇಲೆ ನೆಕ್‌ಬ್ಯಾಂಡ್. ಕುತ್ತಿಗೆಗೆ ಹಾಕುವಂಥದ್ದು, ನಮ್ಮ ಕಡೆ ಎಲ್ಲರ ಕೊರಳಲ್ಲೂ ಇದೆ. ಬ್ಯಾಟರಿ ಬಹಳ ಬರುತ್ತದೆ, ಬಿದ್ದು ಕಳೆಯುವ ಭಯವಿಲ್ಲ. ಆದರೆ ಮೈಕ್ ಎದೆಯ ಹತ್ತಿರ ಉಳಿಯಿತು. ಮಗ್ಗದ ಮೇಲೆ ಬಾಗಿದಾಗ ಅಂಗಿಗೆ ಉಜ್ಜಿ ಪರಪರ ಅಂತು. ಮನೆಯಲ್ಲಿ, ಅಂಗಡಿಯಲ್ಲಿ ಇದು ಸಾಕು. ಶೆಡ್ಡಿಗೆ ಬೇಡ.

ಮೂರನೆಯದು ಒಂದೇ ಕಿವಿಗೆ ಹಾಕುವ ಹೆಡ್‌ಸೆಟ್. ಕೆನ್ನೆಯ ಉದ್ದಕ್ಕೂ ಬಾಯಿಯ ತನಕ ಮೈಕಿನ ಕಡ್ಡಿ ಚಾಚಿರುತ್ತದೆ, ತುದಿಗೆ ಸಣ್ಣ ಸ್ಪಂಜ್. ಕಾಲ್ ಸೆಂಟರ್‌ನವರು, ಲಾರಿ ಡ್ರೈವರ್‌ಗಳು ಹಾಕುವುದನ್ನು ನೋಡಿರುತ್ತೀರಿ. ಫ್ಯಾಶನ್ ಏನೂ ಇಲ್ಲ. ಆದರೆ ಇದನ್ನು ಹಾಕಿದ ಕೂಡಲೇ ಅಕ್ಕ, "ಹಾಂ, ಈಗ ಬರೋಬ್ಬರಿ ಕೇಳಾಕತ್ತೈತಿ ನೋಡ್ರಿ" ಅಂದಳು. ಮಗ್ಗದ ಸಪ್ಪಳ ಅವಳಿಗೆ ಪೂರ್ತಿ ನಿಲ್ಲಲಿಲ್ಲ, ಹಿಂದೆ ಸರಿಯಿತು. ಹಾಳೆಯಲ್ಲಿ ಅಂಕಿಗಳೆಲ್ಲ ಸರಿ ಬಂದವು.

ಕಾರಣ ಬಹಳ ಸರಳ, ದೂರ. ಮೈಕ್ ಮತ್ತು ಬಾಯಿಯ ನಡುವಿನ ದೂರ ಅರ್ಧವಾದಾಗಲೆಲ್ಲ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಕಿವಿಯ ಹತ್ತಿರದ ಮೈಕ್ ಬಾಯಿಂದ 12 ಸೆಂಟಿಮೀಟರ್ ದೂರ ಇದೆ ಅಂದುಕೊಳ್ಳಿ. ಅದನ್ನು 3 ಸೆಂಟಿಮೀಟರ್‌ಗೆ ತಂದರೆ 12 ಡೆಸಿಬಲ್ ಲಾಭ. ಮಗ್ಗದ ಸಪ್ಪಳ ಮಾತ್ರ ಎರಡು ಕಡೆಯೂ ಅಷ್ಟೇ ಇರುತ್ತದೆ. ಎಂಥ ಸಾಫ್ಟ್‌ವೇರ್ ಹಾಕಿದರೂ ಈ ದೂರದ ಲೆಕ್ಕವನ್ನು ಮೀರುವುದು ಕಷ್ಟ ಅಂತ ನನ್ನ ಅಭಿಪ್ರಾಯ.

ಈಗ ಇನ್ನೊಂದು ವಿಷಯ. ಹಾಡು ಅಷ್ಟು ಚೆಂದ ಕೇಳಿಸುವ ಹೆಡ್‌ಸೆಟ್‌ನಲ್ಲಿ ಫೋನ್ ಕರೆ ಯಾಕೆ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ? ಬ್ಲೂಟೂತ್‌ನಲ್ಲಿ ಹಾಡಿಗೊಂದು ದಾರಿ, ಕರೆಗೊಂದು ದಾರಿ. ಹಾಡು ಫೋನಿನಿಂದ ಕಿವಿಗೆ, ಒಂದೇ ಕಡೆಗೆ ಹೋಗುತ್ತದೆ. ಅದಕ್ಕೆ ಸೆಕೆಂಡಿಗೆ 300 ಕಿಲೋಬಿಟ್ ದಾಟಿ ಜಾಗ ಸಿಗುತ್ತದೆ. ಕರೆ ಹೋಗಲೂ ಬೇಕು, ಬರಲೂ ಬೇಕು. ಅದಕ್ಕೆ ಹ್ಯಾಂಡ್ಸ್-ಫ್ರೀ ಪ್ರೊಫೈಲ್ ಅನ್ನುವ ಬೇರೆ ವ್ಯವಸ್ಥೆ ಇದೆ. ಅಲ್ಲಿ ಪ್ರತಿ ಕಡೆಗೆ ಸಿಗುವುದು 64 ಕಿಲೋಬಿಟ್ ಮಾತ್ರ. ಹಳೆಯ ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. 2011ರಲ್ಲಿ ಬಂದ ಹ್ಯಾಂಡ್ಸ್-ಫ್ರೀ 1.6ರಿಂದ ಅದು 16,000 ಆಯಿತು. ಇದಕ್ಕೆ ವೈಡ್‌ಬ್ಯಾಂಡ್ ಅಥವಾ ಎಚ್‌ಡಿ ವಾಯ್ಸ್ ಅನ್ನುತ್ತಾರೆ. ಕೊಳ್ಳುವಾಗ ಬಾಕ್ಸ್ ಮೇಲೆ ಈ ಮಾತು ಇದೆಯಾ ನೋಡಿ. ಬ್ಲೂಟೂತ್ 5.3 ಅಂತ ಇದ್ದ ಮಾತ್ರಕ್ಕೆ ಕರೆ ಚೆನ್ನಾಗಿರುತ್ತದೆ ಅಂತೇನಿಲ್ಲ.

ಹಳೆಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್ ಒಳಗಿನ ಧ್ವನಿಯನ್ನಷ್ಟೇ ಒಯ್ಯುತ್ತಿತ್ತು. 4ಜಿ ನೆಟ್‌ವರ್ಕ್ ಮೇಲೆಯೇ ಹೋಗುವ ವಿಓಎಲ್‌ಟಿಇ (VoLTE) ಕರೆಯಲ್ಲಿ ಅದು 7,000ದ ತನಕ ಹೋಗಬಲ್ಲದು. 'ಸ', 'ಶ' ಅಕ್ಷರಗಳ ಸೀಟಿಯಂಥ ಭಾಗ ಬಹಳಷ್ಟು ಇರುವುದು ಆ ಮೇಲಿನ ಪಾಲಿನಲ್ಲೇ. ನೆಟ್‌ವರ್ಕ್ ಒಳ್ಳೆಯದಿದ್ದೂ ಹೆಡ್‌ಸೆಟ್ ಹಳೆಯ ಪದ್ಧತಿಯದಾದರೆ ಆ ಪಾಲು ನಿಮ್ಮ ಕಿಸೆ ಮತ್ತು ಕಿವಿಯ ನಡುವೆಯೇ ಕಳೆದುಹೋಗುತ್ತದೆ.

ಕಿಸೆ ಅಂದಾಗ ನೆನಪಾಯಿತು. ಒಮ್ಮೆ ಅಕ್ಕನಿಗೆ ಮಾತು ತುಂಡು ತುಂಡಾಗಿ ಹೋಗುತ್ತಿತ್ತು. ನೋಡಿದರೆ ಫೋನು ಕಾಕಾನ ನೆಹರು ಅಂಗಿಯ ಬಲಗಡೆ ಕಿಸೆಯಲ್ಲಿ, ಹೆಡ್‌ಸೆಟ್ ಎಡಗಿವಿಯಲ್ಲಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನ ರೇಡಿಯೋ ಅಲೆಗಳಲ್ಲಿ. ನಮ್ಮ ಮೈಯಲ್ಲಿ ನೀರು ಜಾಸ್ತಿ, ಅದು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಫೋನನ್ನು ಎಡಗಡೆ ಕಿಸೆಗೆ ಹಾಕಿಸಿದೆ, ಸರಿಹೋಯಿತು. ಹೆಡ್‌ಸೆಟ್ ಹಾಳಾಗಿದೆ ಅಂತ ವಾಪಸ್ ಕೊಡುವ ಮೊದಲು ಇದೊಂದನ್ನು ನೋಡಿ.

"ಅಲ್ಲವ್ವಾ, ಎಲ್ಲಾರೂ ಇದನ್ನ ಹಾಕ್ಕೊಂಡ್ರ ಒಬ್ಬರ ಮಾತು ಒಬ್ಬರಿಗೆ ಕೇಳೂದಿಲ್ಲೇನು?" ಅಂತ ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ. ಕೇಳುವುದಿಲ್ಲ. ಜೋಡಿಸುವಾಗಲೇ ಒಂದು ಫೋನು, ಒಂದು ಹೆಡ್‌ಸೆಟ್ ಪರಸ್ಪರ ಗುರುತು ಮಾಡಿಕೊಂಡಿರುತ್ತವೆ. ಅಲ್ಲದೆ ಇಂಥ ಹೆಡ್‌ಸೆಟ್‌ಗಳು ಬಳಸುವ ಕ್ಲಾಸಿಕ್ ಬ್ಲೂಟೂತ್‌ಗೆ 79 ಚಾನೆಲ್ ಇವೆ. ಸೆಕೆಂಡಿಗೆ 1,600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಇರುತ್ತದೆ. ಎರಡು ಜೋಡಿ ಒಂದೇ ಚಾನೆಲ್‌ನಲ್ಲಿ ಡಿಕ್ಕಿಯಾದರೂ ಮರುಕ್ಷಣ ಬೇರೆ ಬೇರೆ ಕಡೆ ಇರುತ್ತವೆ.

ಈಗ ಹೇಳುವುದನ್ನು ದಯವಿಟ್ಟು ಓಡಿಸಬೇಡಿ, ಪೂರ್ತಿ ಕೇಳಿ. ಲಾಳಿ ಇರುವ ಪವರ್‌ಲೂಮ್ ಶೆಡ್ಡಿನಲ್ಲಿ ಸಪ್ಪಳ 90 ಡೆಸಿಬಲ್ ದಾಟುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 80 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. ಮಗ್ಗದ ಸಪ್ಪಳವನ್ನು ಮೀರಿ ಕೇಳಬೇಕು ಅಂತ ಹೆಡ್‌ಸೆಟ್ ವಾಲ್ಯೂಮ್ ಪೂರ್ತಿ ಏರಿಸಿದರೆ, ಮೊದಲೇ ದಣಿದ ಕಿವಿಗೆ ಅದು ಇನ್ನೊಂದು ಏಟು. ಈ ಊರಿನಲ್ಲಿ ಎಷ್ಟೋ ಹಿರಿಯರು ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಾರೆ. ಹೋದ ಕಿವಿ ಮತ್ತೆ ಬರುವುದಿಲ್ಲ. ನನಗೆ ನಿಜಕ್ಕೂ ಚಿಂತೆ ಇರುವುದು ಇದರದ್ದೇ.

ಹಾಗಾದರೆ ಎರಡೂ ಕಿವಿ ಮುಚ್ಚುವಂಥದ್ದು ಒಳ್ಳೆಯದಲ್ವಾ? ನಾನೂ ಅದನ್ನೇ ಕೇಳಿದೆ. ಕಾಕಾ ಒಪ್ಪಲಿಲ್ಲ. ಮಗ್ಗದ ಸಪ್ಪಳ ಬದಲಾದ ಕೂಡಲೇ ಏನೋ ತಪ್ಪಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯುತ್ತದೆ. ಅದನ್ನು ಮುಚ್ಚಿ ನೇಯಲು ಆಗುವುದಿಲ್ಲ ಅಂದರು. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಶೆಡ್ಡಿನೊಳಗೆ ಒಂದೇ ಕಿವಿಗೆ ಹೆಡ್‌ಸೆಟ್. ವಾಲ್ಯೂಮ್ ಪೂರ್ತಿ ಏರಿಸುವಂತಿಲ್ಲ. ಕರೆ ಎತ್ತಿ, ಎಷ್ಟು ಯಾವ ಬಣ್ಣ ಅನ್ನುವಷ್ಟನ್ನೇ ಮುಗಿಸುವುದು. ದರದ ಚೌಕಾಸಿ ಇದ್ದರೆ ಬಾಗಿಲ ಹೊರಗೆ. ಮಾತಿಲ್ಲದ ಹೊತ್ತಿನಲ್ಲಿ ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಿ ಅಂದಿದ್ದೇನೆ. ಫೋಮ್ ಸಪ್ಪಳವನ್ನು ಪೂರ್ತಿ ಮುಚ್ಚುವುದಿಲ್ಲ, ಇಳಿಸುತ್ತದೆ. ಮಗ್ಗದ ತಾಳ ಕೇಳುತ್ತಲೇ ಇರುತ್ತದೆ.

ಕೊಳ್ಳುವವರಿಗೆ ಇನ್ನೆರಡು ಮಾತು. ಮುಟ್ಟಿದರೆ ಕೆಲಸ ಮಾಡುವ ಟಚ್ ಬೇಡ, ಒತ್ತುವ ಬಟನ್ ಇರಲಿ. ಎಣ್ಣೆ ಹತ್ತಿದ ಕೈಗೆ ಟಚ್ ಸರಿಯಾಗಿ ಸ್ಪಂದಿಸುವುದಿಲ್ಲ. ವ್ಯಾಪಾರಕ್ಕೊಂದು, ಮನೆಗೊಂದು ಫೋನ್ ಇದ್ದವರು ಮಲ್ಟಿಪಾಯಿಂಟ್ ಇದೆಯಾ ಕೇಳಿ, ಎರಡೂ ಒಟ್ಟಿಗೆ ಜೋಡಣೆಯಾಗುತ್ತವೆ.

ಬೈಕ್ ಮೇಲೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಆ ಪರೀಕ್ಷೆ ನಾನು ಮಾಡಲಿಲ್ಲ, ಮಾಡುವುದೂ ಇಲ್ಲ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನು ಹೆಸರಿಟ್ಟು ಹೇಳುತ್ತದೆ. ಹೆಡ್‌ಸೆಟ್ ಇದ್ದರೆ ಕೈ ಖಾಲಿ ಇರಬಹುದು, ಗಮನ ಇರುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ನಮ್ಮ ರಸ್ತೆಗಳಲ್ಲಿ ಗಾಡಿ ಬದಿಗೆ ಹಾಕಿ ಮಾತಾಡಿ.

ಕಾಕಾ ಕಡ್ಡಿ ಮೈಕಿನ ಹೆಡ್‌ಸೆಟ್ಟನ್ನೇ ಇಟ್ಟುಕೊಂಡಿದ್ದಾರೆ. ಶೆಡ್ಡಿನಲ್ಲಿ ಹತ್ತಿಯ ಧೂಳು ಬಹಳ, ಅದು ಮೈಕಿನ ಸ್ಪಂಜಿಗೆ ಮೆತ್ತಿಕೊಳ್ಳುತ್ತದೆ. ಆಗ ಮಾತು ಮಂದವಾಗುತ್ತದೆ. ಸ್ಪಂಜ್ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮೈಕಿನ ತೂತಿಗೆ ಸೂಜಿ ಚುಚ್ಚಬೇಡಿ, ಒಳಗಿನ ಪರದೆ ಹರಿಯುತ್ತದೆ. ಮೆತ್ತನೆಯ ಬ್ರಷ್ ಸಾಕು.

ಹಿಟ್ಟಿನ ಗಿರಣಿ, ಗ್ಯಾರೇಜು, ವೆಲ್ಡಿಂಗ್ ಅಂಗಡಿ ನಡೆಸುವವರು ನೋಡುತ್ತಿದ್ದರೆ ಒಂದು ಕೇಳಿಕೆ. ನಿಮ್ಮ ಜಾಗದಲ್ಲೇ ನಿಂತು, ಮಷೀನು ಚಾಲೂ ಇಟ್ಟು, ಬೇರೆ ಊರಿನಲ್ಲಿರುವ ಯಾರಿಗಾದರೂ ಅಂಕಿ ಹೇಳಿ ಬರೆಸಿಕೊಳ್ಳಿ. ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಇದನ್ನು ಮಾಡಿ. ಯಾವ ಅಂಕಿ ತಪ್ಪಿತು ಅಂತ ನನಗೂ ತಿಳಿಸಿ.