ದಿನಾ ತೂಕ ಎತ್ತಬೇಕಾ?

ಎಲ್ಲರಿಗೂ ನಮಸ್ಕಾರ. ಜನವರಿ ಬಂದರೆ ನಮ್ಮ ಬಸವನಗುಡಿ, ಹನುಮಂತನಗರದ ಜಿಮ್‌ಗಳಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಖಾಲಿ ಖಾಲಿ. ಸೋಮಾರಿಗಳು ಅಂತ ಜನ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಬಿಟ್ಟುಹೋದವರಲ್ಲಿ ಎಷ್ಟೋ ಮಂದಿ ಜಾಸ್ತಿ ಮಾಡಿ ಸೋತವರು. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮೂರು ತಿಂಗಳಲ್ಲಿ ಮದುವೆ. ಆರತಕ್ಷತೆಯ ಕೋಟು ಮೈ ತುಂಬಬೇಕು ಅಂತ ದಿನಾ ಬೆಳಗ್ಗೆ ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ಎದೆಯಿಂದ ಭಾರ ಎತ್ತುವುದು, ಸಂಜೆ ಮತ್ತೆ ತೋಳಿನ ಬೈಸೆಪ್ಸ್. ಒಂದು ದಿನ ಪಾರ್ಕಿಂಗ್‌ನಲ್ಲಿ ನೋಡುತ್ತೇನೆ, ಹೆಲ್ಮೆಟ್ ಹಾಕಿಕೊಳ್ಳೋಕೆ ಕೈ ಮೇಲೇಳುತ್ತಿಲ್ಲ. ಬೈಕ್ ಸೀಟಿನ ಮೇಲೆ ಹೆಲ್ಮೆಟ್ ಅಂಗಾತ ಇಟ್ಟು, ಸೊಂಟ ಬಗ್ಗಿಸಿ, ತಲೆಯನ್ನೇ ಅದರೊಳಗೆ ತೂರಿಸುತ್ತಿದ್ದಾನೆ! ನಗು ಬರುತ್ತೆ, ಅಲ್ವಾ? ಅವನೂ ನಗುತ್ತಿದ್ದ. "ಸರ್, ಸಖತ್ ವರ್ಕೌಟ್. ನೋವು ಹೆಂಗಿದೆ ಗೊತ್ತಾ?" ಅಂದ. ಗಾಡಿ ಇಲ್ಲೇ ಬಿಡಪ್ಪ, ಆಟೋ ಹಿಡಿ ಅಂದೆ.

ಆ ಹೆಮ್ಮೆಯ ಮೇಲೇ ನನ್ನ ತಕರಾರು. ನೋವು ಅಳತೆಗೋಲಲ್ಲ. ಹೊಸ ವ್ಯಾಯಾಮ ಮಾಡಿದಾಗ, ಭಾರವನ್ನು ನಿಧಾನಕ್ಕೆ ಕೆಳಗಿಳಿಸಿದಾಗ ಈ ನೋವು ಜಾಸ್ತಿ. 24ರಿಂದ 72 ಗಂಟೆಯೊಳಗೆ ತಾರಕಕ್ಕೇರುತ್ತದೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಅನ್ನುತ್ತಾರೆ. ಅದು ಒಂದೆರಡು ಗಂಟೆಯಲ್ಲೇ ಹೋಗಿರುತ್ತದೆ, ಮಾರನೇ ದಿನದ ನೋವು ಅದರದ್ದಲ್ಲ. ಅದೇ ವ್ಯಾಯಾಮ ಮುಂದಿನ ವಾರ ಮಾಡಿ, ನೋವು ಕಡಿಮೆ ಆಗಿರುತ್ತದೆ. ಹಾಗಂತ ಸ್ನಾಯು ಬೆಳೆಯೋದು ನಿಂತಿತಾ? ಇಲ್ಲ.

ತೂಕ ಎತ್ತಿದ ಮೇಲೆ ಸ್ನಾಯುವಿನೊಳಗೆ ಹೊಸ ಪ್ರೋಟೀನ್ ಕಟ್ಟುವ ಕೆಲಸ ಜೋರಾಗುತ್ತದೆ. ಹೊಸಬರಲ್ಲಿ ಸುಮಾರು 48 ಗಂಟೆ ನಡೆಯುತ್ತದೆ, ಪಳಗಿದವರಲ್ಲಿ ಬೇಗ ಇಳಿಯುತ್ತದೆ. ಅಷ್ಟರೊಳಗೆ ಅದೇ ಎದೆ, ಅದೇ ತೋಳಿಗೆ ಮತ್ತೆ ಮತ್ತೆ ಕೆಲಸ ಕೊಟ್ಟರೆ ಎತ್ತುವ ಭಾರ ಕಡಿಮೆಯಾಗುತ್ತದೆ, ಭಂಗಿ ಕೆಡುತ್ತದೆ. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನಾರುಗಳಂತೂ ಇನ್ನೂ ನಿಧಾನಕ್ಕೆ ಗಟ್ಟಿಯಾಗುತ್ತವೆ. ಭುಜ ಹಿಡಿದುಕೊಳ್ಳುವುದು ಅಲ್ಲೇ.

ಹಾಗಾದರೆ ಎಷ್ಟು ಸಲ? ಒಂದೊಂದು ಸ್ನಾಯುವಿಗೆ ವಾರಕ್ಕೆ ಎರಡು ಸಲ. ನಡುವೆ ಒಂದೆರಡು ದಿನ ಬಿಡುವು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ವಾರಕ್ಕೆ ಕನಿಷ್ಠ ಎರಡು ದಿನ ಅಂತಲೇ. ದಿನಾ ಜಿಮ್‌ಗೆ ಹೋಗಲೇಬೇಕು ಅನ್ನುವವರು ಇವತ್ತು ಕಾಲು, ನಾಳೆ ಬೆನ್ನು ಅಂತ ಹಂಚಿಕೊಳ್ಳಿ. ವಾರದ ಒಟ್ಟು ಸೆಟ್, ಅಂದರೆ ನಡುವೆ ನಿಲ್ಲಿಸದೆ ಮಾಡುವ ಸುತ್ತು, ಎಷ್ಟು ಅನ್ನೋದು ಮುಖ್ಯ.

ನಮ್ಮ ಊರಿಗೆ ಇದು ಹೊಸದೇನಲ್ಲ. ದೇಹದಾರ್ಢ್ಯ ಪಟು ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದ ಊರು ಇದು. ಅದಕ್ಕೂ ಮುಂಚೆ ಪೇಟೆಯ ಗರಡಿ ಮನೆಗಳು. ಅಲ್ಲಿ ಎಣ್ಣೆ ಮಾಲೀಸು, ಊಟ, ನಿದ್ದೆ ಎಲ್ಲವೂ ತಾಲೀಮಿನ ಭಾಗವೇ ಆಗಿತ್ತು.

ಆ ಹುಡುಗನಿಗೆ ಸೋಮವಾರ, ಬುಧವಾರ, ಶುಕ್ರವಾರ ಅಂತ ಮೂರೇ ದಿನ ಕೊಟ್ಟೆ. ಅವರಮ್ಮ ಫೋನ್ ಮಾಡಿ, "ತಿಂಗಳಿಡೀ ಫೀಸು ಕಟ್ಟಿದ್ದೀವಲ್ಲ ಸರ್, ಇವನು ಮನೇಲಿ ಕೂತಿದ್ದಾನೆ" ಅಂದರು. ಕೂರಲಿ ಅಮ್ಮ, ಎರಡು ಮೊಟ್ಟೆ ಕೊಡಿ ಅಂದೆ. 50 ಕಿಲೋದಲ್ಲಿ ನಿಂತುಹೋಗಿದ್ದ ಬೆಂಚ್ ಪ್ರೆಸ್ ಮದುವೆ ಹೊತ್ತಿಗೆ 60 ಆಯಿತು. ಮೈ ನೋವು? ಹೆಚ್ಚೇನಿಲ್ಲ. ಅದಕ್ಕೇ ಹೇಳಿದ್ದು, ನೋವು ಅಳತೆಗೋಲಲ್ಲ.

ಸಮಯ ಆಯಿತು ಅಂತ ಚೀಟಿ ಬಂದಿದೆ. ನಿದ್ದೆ, ಊಟದ ಬಗ್ಗೆ ಬರೆದುಕೊಂಡಿದ್ದೆಲ್ಲ ಇಷ್ಟಕ್ಕೇ ಇಳಿಸುತ್ತೇನೆ: ಕನಿಷ್ಠ ಏಳು ಗಂಟೆ ನಿದ್ದೆ ಮಾಡಿ. ಅನ್ನ ಸಾರಿನ ಜೊತೆ ಬೇಳೆ, ಕಾಳು, ಮೊಸರು, ಆಗುವವರಿಗೆ ಮೊಟ್ಟೆ ಹೆಚ್ಚಲಿ.

ಇದೊಂದನ್ನು ಮಾತ್ರ ಹೇಳದೆ ಇಳಿಯುವುದಿಲ್ಲ. ವಿಪರೀತ ವ್ಯಾಯಾಮದ ನಂತರ ಮೈ ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸಬಹುದು. ಮಂಡಿ ನೋವಿನ ಬಗ್ಗೆ ಕೇಳಿದ್ದ ಎರಡನೇ ಸಾಲಿನ ಅಮ್ಮ, ಬಾಗಿಲ ಹತ್ತಿರ ಸಿಗಿ. ಕುರ್ಚಿಯಿಂದ ಕೂತು ಏಳುವುದನ್ನು ಅಲ್ಲೇ ಮಾಡಿ ತೋರಿಸುತ್ತೇನೆ.